ರೋಜೀನಕ್ಕ ಗೆದ್ದ ಮೂಲೆ

ನಮ್ಮ ಕೇರಿಯ ರೋಜೀನ್ ಬಾರಾಲ್ ಯಾರ ಮುಂದೆಯೂ ತಲೆ ತಗ್ಗಿಸಿದವಳಲ್ಲ. ಶಾಲೆಯ ಊಟದ ಮನೆಯಲ್ಲಿ ಅಡುಗೆ ಮಾಡುತ್ತಲೇ ಅವಳ ಕೂದಲು ಬೆಳ್ಳಗಾಯಿತು. ಕುಂಬಳದ ಸಿಪ್ಪೆ, ಮಕ್ಕಳು ತಟ್ಟೆಯಲ್ಲಿ ಬಿಟ್ಟ ಸೊಪ್ಪು, ಬ್ರೆಡ್ಡಿನ ತುಂಡು ಎಲ್ಲವೂ ಕಸದ ಜೊತೆ ಸೇರಿ ಸುಡುವ ಕುಲುಮೆಗೆ ಹೋಗುವುದನ್ನು ಕಂಡಾಗಲೆಲ್ಲ ಅವಳಿಗೆ ಹೊಟ್ಟೆ ಉರಿಯುತ್ತಿತ್ತು.

"ಮಣ್ಣಿಗೆ ಸೇರ್ಬೇಕಾದ್ದನ್ನ ಬೆಂಕಿಗೆ ಹಾಕ್ತೀರಲ್ಲ, ನಾಚ್ಕೆ ಆಗಲ್ವಾ ನಿಮಗೆ?" ಎಂದು ಕಂಡಕಂಡ ಅಧಿಕಾರಿಗಳನ್ನೆಲ್ಲ ಕೇಳಿದಳು. ಕೆಲಸ ಬಿಟ್ಟು ಮನೆಯಲ್ಲಿ ಕುಳಿತ ಮೇಲೂ ಕೇಳಿದಳು. ಕೊನೆಗೆ ಅವಳ ಕಾಟ ತಡೆಯಲಾರದೆ ನಗರಸಭೆಯವರು ಅಡುಗೆಮನೆಯ ಹಸಿಕಸ ಹಾಕುವ ದೊಡ್ಡ ಕಂದು ಡಬ್ಬಿಯನ್ನು ಮೊದಲು ನಮ್ಮ ಕೇರಿಗೇ ಕೊಡುತ್ತೇವೆಂದರು. ಜಾಗ ಮಾತ್ರ ನಾವೇ ಆರಿಸಬೇಕು. ಭಾನುವಾರದೊಳಗೆ ಒಮ್ಮತಕ್ಕೆ ಬರದಿದ್ದರೆ ಡಬ್ಬಿ ಹೊಳೆಯಾಚೆಯ ಕೇರಿಗೆ.

ರೋಜೀನಕ್ಕನೋ, ಸಂತೆಯಲ್ಲಿ ಹೊಳೆಯಾಚೆಯ ಹೆಂಗಸರ ಮುಂದೆ ಆಗಲೇ ಜಂಬ ಕೊಚ್ಚಿಕೊಂಡು ಬಂದಿದ್ದಳು. ಈಗ ಡಬ್ಬಿ ಅವರ ಪಾಲಾದರೆ ಆ ಸಂತೆಗೆ ಮತ್ತೆ ಕಾಲಿಡುವುದು ಹೇಗೆ?

ಡಬ್ಬಿ ಎಲ್ಲರಿಗೂ ಬೇಕು, ಆದರೆ ತಮ್ಮ ಬಾಗಿಲಲ್ಲಿ ಯಾರಿಗೂ ಬೇಡ. ಬ್ರೆಡ್ ಅಂಗಡಿಯವನು ಕಣಜದ ಹುಳು ಬರುತ್ತವೆಂದ. ಇಗರ್ಜಿಯ ಮುಂದೆ ಇಡೋಣವೆಂದರೆ ಮದುವೆಯ ಫೋಟೋ ಕೆಡುತ್ತದೆಂದು ಪಾದ್ರಿಗಳು ಮೂಗು ಮುರಿದರು. ಉಳಿದದ್ದು ಗುಂಡಾಟದ ಬಯಲಿನ ಮೂಲೆಯೊಂದೇ. ದೊಡ್ಡ ಮರದ ನೆರಳು, ಬಕೆಟ್ ತೊಳೆಯಲು ನಲ್ಲಿ, ಲಾರಿ ತಿರುಗಲು ದಾರಿ, ಎಲ್ಲವೂ ಇತ್ತು. ಆದರೆ ಆ ಬಯಲು ಗುಂಡಾಟದ ಕ್ಲಬ್ಬಿನದು, ಅದರ ಅಧ್ಯಕ್ಷ ಎಲ್ಜೆಯಾರ್. ಅವನು ರೋಜೀನಕ್ಕನ ಒಡಹುಟ್ಟಿದ ತಮ್ಮನೇ. ಅಕ್ಕನ ಜೊತೆ ಮಾತು ಬಿಟ್ಟು ಯಾವ ಕಾಲವಾಯಿತೋ.

ಅದಕ್ಕೆ ಕಾರಣ ಫ್ಯಾನಿ. ನೆಲದ ಮೇಲಿಟ್ಟ ಪುಟ್ಟ ಮರದ ಗುಂಡಿನ ಹತ್ತಿರಕ್ಕೆ ಉಕ್ಕಿನ ಗುಂಡು ಎಸೆಯುವುದೇ ನಮ್ಮ ಕಡೆಯ ಗುಂಡಾಟ; ಎಲ್ಲಕ್ಕಿಂತ ಹತ್ತಿರ ಬಿದ್ದವರಿಗೆ ಅಂಕ, ಹದಿಮೂರು ಅಂಕ ಮುಟ್ಟಿದವರು ಗೆದ್ದ ಹಾಗೆ. ಒಂದೂ ಅಂಕವಿಲ್ಲದೆ ಸೋತವರು ಫ್ಯಾನಿಗೆ ಮುತ್ತು ಕೊಡಬೇಕು. ಫ್ಯಾನಿ ಎಂದರೆ ಕ್ಲಬ್ಬಿನ ಗೋಡೆಯಲ್ಲಿ, ದೇವರ ಗೂಡಿನಂಥ ಪುಟ್ಟ ಪೆಟ್ಟಿಗೆಯೊಳಗಿರುವ ಹೆಂಗಸಿನ ಚಿತ್ರ. ನಮಗೆ ಬೆನ್ನು ಮಾಡಿ, ಲಂಗ ಎತ್ತಿ ನಿಂತಿದ್ದಾಳೆ. ಮುತ್ತು ಎಲ್ಲಿಗೆಂದು ಬಾಯಿ ಬಿಟ್ಟು ಹೇಳಬೇಕಾಗಿಲ್ಲ. ಎಲ್ಜೆಯಾರ್ ತನ್ನ ಹೆಂಡತಿಯಾಗುವವಳ ಮನೆಯವರನ್ನು ಆಟ ನೋಡಲು ಕರೆದಿದ್ದ ದಿನವೇ ಅಕ್ಕ ಅವನನ್ನು ಸೊನ್ನೆಗೆ ಮಲಗಿಸಿ, ಕಿವಿ ಹಿಡಿದು ಫ್ಯಾನಿಯ ಮುಂದೆ ಮಂಡಿಯೂರಿಸಿದ್ದಳು. ಆಮೇಲೆ ಅವಳು ಎದುರಾದರೆ ಅವನು ರಸ್ತೆ ದಾಟಿ ಹೋಗುತ್ತಿದ್ದ.

ಶನಿವಾರ ರೋಜೀನಕ್ಕ ಅವನ ಮನೆ ಬಾಗಿಲು ತಟ್ಟಿದಳು.

"ಆ ಮೂಲೆ ಬೇಕಾಗಿತ್ತು, ಎಲ್ಜೆಯಾರ್."

"ಓಹೋ, ಬಾರಾಲ್ ಮೇಡಂ ಬಂದ್ರಾ? ಅದೂ ಕೇಳ್ಕೊಂಡು?" ಅವನು ಕುರ್ಚಿ ಕೂಡ ಕೊಡಲಿಲ್ಲ. "ನಾಳೆ ನನ್ ಜೊತೆ ಆಡು. ಸೊನ್ನೆಗೆ ಸೋತು, ಎಲ್ಲರ ಮುಂದೆ ಫ್ಯಾನಿ ಕುಂಡಿಗೆ ಮುತ್ತು ಕೊಟ್ರೆ ಮೂಲೆ ನಿಂದು. ಒಂದೇ ಒಂದು ಅಂಕ ತಗೊಂಡ್ಯೋ, ಡಬ್ಬಿ ಹೊಳೆಯಾಚೆಗೆ."

"ಸೋಲೋದಕ್ಕೋಸ್ಕರ ಆಡೋಳಲ್ಲ ನಾನು. ಮುತ್ತು ಕೊಡಿಸ್ಬೇಕು ಅಂತಿದ್ರೆ ಸೋಲಿಸು, ನೋಡೋಣ," ಎಂದು ಹೇಳಿ ಅವಳು ಸರಸರ ನಡೆದುಬಿಟ್ಟಳು.

ಭಾನುವಾರ ಪೂಜೆ ಮುಗಿಸಿ ಕೇರಿಗೆ ಕೇರಿಯೇ ಬಯಲಿಗೆ ಬಂತು. ನಗರಸಭೆಯ ಹುಡುಗಿ ಸೊಲಾಂಜ್ ಕೂಡ ಬಂದಳು. ರೋಜೀನಕ್ಕ ಆಡಿದ್ದು ಮನಸ್ಸಿಟ್ಟೇ. ಆದರೆ ವರ್ಷಗಟ್ಟಲೆ ಗುಂಡು ಹಿಡಿಯದ ಕೈ, ಎದುರಿಗೆ ದಿನಾ ಆಡುವ ತಮ್ಮ. ನೋಡನೋಡುತ್ತ ಹನ್ನೆರಡು ಅವನದಾಯಿತು, ಇವಳದು ಸೊನ್ನೆ.

ಕೊನೆಯ ಸುತ್ತಿನ ಹೊತ್ತಿಗೆ ಅವಳ ಕೈ ಬಿಸಿಯಾಗಿತ್ತು. ಗುರಿಯಾಗಿಟ್ಟ ಪುಟ್ಟ ಮರದ ಗುಂಡಿನ ಪಕ್ಕ ತಮ್ಮನ ಉಕ್ಕಿನ ಗುಂಡು, ಅದರ ಹಿಂದೆಯೇ ಅವಳದು. ತಮ್ಮನ ಗುಂಡುಗಳೆಲ್ಲ ಮುಗಿದಿದ್ದವು, ಅವಳ ಕೈಯಲ್ಲಿ ಒಂದು ಉಳಿದಿತ್ತು. ಅವನ ಗುಂಡಿಗೆ ಹೊಡೆದು ಸರಿಸಿದರೆ ಅಂಕ ಅವಳದು. ಅಂಥ ಹೊಡೆತವನ್ನು ಅವಳು ಹದಿಹರೆಯದಲ್ಲೇ ನಗುನಗುತ್ತ ಹೊಡೆಯುತ್ತಿದ್ದವಳು.

ಎಲ್ಜೆಯಾರನಿಗೂ ಅದು ಕಾಣಿಸಿತು. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

ರೋಜೀನಕ್ಕ ಗುಂಡನ್ನು ಬಟ್ಟೆಯಿಂದ ಒರೆಸಿದಳು. ಸಿಟ್ಟಿನಿಂದ ಅವಳ ದವಡೆ ಬಿಗಿದಿತ್ತು, ತನ್ನ ಮೇಲೆಯೇ ಸಿಟ್ಟು. ಮರದ ಕೆಳಗಿನ ಖಾಲಿ ಮೂಲೆಯನ್ನೊಮ್ಮೆ ನೋಡಿದಳು. ಆಮೇಲೆ ಕೈ ಬೀಸಿದಳು. ಅವಳೆಸೆದ ಗುಂಡು ಯಾವುದನ್ನೂ ಮುಟ್ಟದೆ ಪಕ್ಕದಲ್ಲೇ ಹಾದು ಹಿಂದಿನ ಹಲಗೆಗೆ ಬಡಿಯಿತು.

ಅವಳನ್ನು ಯಾರೂ ಕಿವಿ ಹಿಡಿದು ಎಳೆಯಬೇಕಾಗಲಿಲ್ಲ. ತಾನೇ ಕ್ಲಬ್ಬಿನೊಳಗೆ ನಡೆದಳು, ಪೆಟ್ಟಿಗೆಯ ಬಾಗಿಲು ತಾನೇ ತೆರೆದಳು, ಲಂಗ ಸರಿಪಡಿಸಿಕೊಂಡು ಮಂಡಿಯೂರಿದಳು. ಮುತ್ತಿನ ಸದ್ದು ಹೊರಗೆ ನಿಂತವರಿಗೂ ಕೇಳಿಸಿತು. ಎದ್ದು ಬಾಗಿಲಿಗೆ ಬಂದವಳ ಕತ್ತು ಒಂದಿಷ್ಟೂ ಬಾಗಿರಲಿಲ್ಲ. ಕಿರೀಟ ತೊಡಿಸಿಕೊಂಡು ಬರುವವರೂ ಹಾಗೆ ಬರಲಾರರು. ನಮ್ಮ ಕೇರಿಯವಳು ಎಂದು ನನಗೆ ಅವತ್ತು ಎದೆಯುಬ್ಬಿತು.

"ಸೊಲಾಂಜ್, ಮಗಳೇ," ಎಂದಳು, "ಡಬ್ಬಿ ಅಗೋ ಆ ಮರದ ಕೆಳಗೆ. ನಲ್ಲಿಗೆ ಅಡ್ಡ ಇಡ್ಬೇಡಿ ಮತ್ತೆ."

ಸೋತವರು ಎಲ್ಲರಿಗೂ ಕುಡಿಸಬೇಕೆಂಬುದೂ ನಮ್ಮ ರೂಢಿಯೇ. ಅದನ್ನೂ ಅವಳು ತಪ್ಪಿಸಲಿಲ್ಲ. ಎಲ್ಜೆಯಾರ್ ಮಾತ್ರ ಪಾಸ್ತಿಸ್ ಎಂಬ ಸೋಂಪಿನ ಮದ್ಯದ ತನ್ನ ಲೋಟವನ್ನು ಮುಟ್ಟದೆ ಮನೆಗೆ ಹೋದ.

ಡಬ್ಬಿ ಬಂದ ದಿನ ಅದಕ್ಕೆ ಮೊದಲ ಬಕೆಟ್ ಸುರಿದವಳು ರೋಜೀನಕ್ಕ. ಎರಡನೆಯದರ ತುಂಬ ಕರಬೂಜದ ಸಿಪ್ಪೆ. ಅದನ್ನು ಹೊತ್ತು ತಂದವನು ಎಲ್ಜೆಯಾರ್.

"ಆ ಕೊನೇ ಗುಂಡು," ಎಂದ, ಸಿಪ್ಪೆಯ ಕಡೆ ನೋಡುತ್ತ. "ಅಷ್ಟು ಹತ್ರದಿಂದ ತಪ್ಪೋ ಕೈ ಅಲ್ಲ ನಿಂದು, ಅಕ್ಕಾ."

ಅವನ ಬಾಯಲ್ಲಿ ಅಕ್ಕ ಎಂಬ ಮಾತು ಕೇಳಿ ಅವಳ ಕಣ್ಣು ತುಂಬಿತು. ಅವಳು ನಲ್ಲಿಯ ಕಡೆ ತಿರುಗಿ ಬಕೆಟ್ ತೊಳೆಯತೊಡಗಿದಳು.

"ನೀನು ಗೆದ್ದೆ ಕಣೋ. ಊರೆಲ್ಲ ನೋಡಿದೆ."

"ಅಂಥ ಗೆಲುವು ಇಟ್ಕೊಂಡು ಏನ್ಮಾಡ್ಲಿ? ಇನ್ನೊಂದಾಟ ಆಡ್ತೀಯಾ?"

ರೋಜೀನಕ್ಕ ಬಕೆಟ್ ಬೋರಲು ಹಾಕಿ, ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡಳು.

"ಆಡೋಣ, ಬಾ. ನನ್ ಡಬ್ಬಿ ಅಂತೂ ಬಂದಾಯ್ತು. ಫ್ಯಾನಿ ಗೂಡಿನ ಬಾಗ್ಲು ಈಗ್ಲೇ ತೆಗ್ದಿಡು, ನಿಂಗೆ ಬೇಕಾಗತ್ತೆ."