ಕಂಬಕ್ಕೆ ತಾಗಿದ ಚೆಂಡು

ಫುಟ್‌ಬಾಲ್ ಬಗ್ಗೆ ನನಗೆ ಹೆಚ್ಚೇನೂ ಗೊತ್ತಿಲ್ಲ. ಗೊತ್ತಿಲ್ಲದ ವಿಷಯದ ಮೇಲೆ ಬರೆಯುವುದು ನನಗೆ ಹೊಸದೂ ಅಲ್ಲ, ಅದು ನಿಮಗೆ ಗೊತ್ತೇ ಇದೆ. ಆದರೆ ಈ ಆಟದ ಮಧ್ಯೆ ಒಮ್ಮೆ ನನ್ನ ಮದುವೆಯೇ ಸಿಕ್ಕಿಹಾಕಿಕೊಂಡಿದ್ದರಿಂದ, ನಾಲ್ಕು ಮಾತು ಹೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ಎಂಬತ್ತರ ದಶಕದ ಕೊನೆಯಲ್ಲಿ ನಾನು ಮೈಸೂರಿನಿಂದ ಮೆಲ್ಬರ್ನ್‌ಗೆ ಓದಲು ಬಂದೆ. ಯೂನಿವರ್ಸಿಟಿ ಪಕ್ಕದ ಒಂದು ಕಾಲೇಜಿನಲ್ಲಿ ರೂಮು ಸಿಕ್ಕಿತು. ಅಲ್ಲಿ ಕಾಲೇಜು ಎಂದರೆ ಪಾಠ ನಡೆಯುವ ಜಾಗವಲ್ಲ, ಹಾಸ್ಟೆಲ್. ಕಲ್ಲಿನ ಗೋಪುರ, ಊಟದ ಹಾಲಿನ ಗೋಡೆಗಳ ಮೇಲೆ ತೀರಿಕೊಂಡವರ ದೊಡ್ಡ ದೊಡ್ಡ ಚಿತ್ರಗಳು, ತಟ್ಟೆಯಲ್ಲಿ ಬೇಯಿಸಿದ ಆಲೂಗಡ್ಡೆ. ರಸ್ತೆಯ ಆ ಬದಿಗೆ ಇನ್ನೊಂದು ಕಾಲೇಜು. ಅಲ್ಲೂ ಗೋಪುರ, ತೀರಿಕೊಂಡವರು, ಆಲೂಗಡ್ಡೆ. ಎರಡಕ್ಕೂ ತಲೆತಲಾಂತರದ ವೈರ.

ಕಾರಣ ಏನೆಂದು ಕೇಳಿದೆ. ಅವರು ಊಟಕ್ಕೆ ಬಾರಿಸುವ ನಮ್ಮ ಗಂಟೆ ಕದ್ದರು ಎಂದರು ನಮ್ಮವರು. ಗಂಟೆ ಮೊದಲಿನಿಂದಲೂ ತಮ್ಮದೇ ಎನ್ನುತ್ತಿದ್ದರಂತೆ ಅವರು. ಯಾವ ಕಾಲದಲ್ಲಿ ಎಂದು ಕೇಳಿದ್ದಕ್ಕೆ, ಅಂಥದ್ದನ್ನೆಲ್ಲ ಕೇಳುವ ನೀನು ಯಾವ ಕಡೆಯವನು ಎಂಬಂತೆ ನೋಡಿದರು. ವರ್ಷಕ್ಕೊಮ್ಮೆ ಎರಡು ಕಾಲೇಜಿಗೂ ಫುಟ್‌ಬಾಲ್ ಪಂದ್ಯ. ಅದರ ಹಿಂದಿನ ವಾರ ನಮ್ಮವರು ಆ ಬದಿಯ ಫುಟ್‌ಪಾತ್ ಮೇಲೆ ಕಾಲಿಡುತ್ತಿರಲಿಲ್ಲ. ಮಳೆ ಬಂದರೆ ನೆನೆದುಕೊಂಡೇ ಈ ಬದಿಯಲ್ಲಿ ಹೋಗುತ್ತಿದ್ದರು.

ನನಗೆ ಇದರಲ್ಲಿ ತರಬೇತಿ ಬೇಕಾಗಲಿಲ್ಲ. ಮೈಸೂರಿನ ನಮ್ಮ ಬೀದಿಯಲ್ಲಿ ಎರಡು ಅಯ್ಯಂಗಾರರ ಮನೆ ಎದುರುಬದುರಾಗಿದ್ದವು. ಒಂದು ಮನೆಯವರ ನಾಮಕ್ಕೆ ಕೆಳಗೆ ಪಾದ ಇತ್ತು, ಇನ್ನೊಂದಕ್ಕೆ ಇರಲಿಲ್ಲ. ಅಷ್ಟಕ್ಕೇ ಅವರು ಒಬ್ಬರ ಮನೆಯಲ್ಲಿ ಒಬ್ಬರು ಕಾಫಿ ಕುಡಿಯುತ್ತಿರಲಿಲ್ಲ. ದೇವಸ್ಥಾನದ ಆನೆಯ ಹಣೆಗೆ ಯಾವ ನಾಮ ಎಂದು ಕೋರ್ಟಿಗೆ ಹೋದ ಜನ ಇದ್ದಾರೆಂದು ನಮ್ಮಜ್ಜಿ ಹೇಳುತ್ತಿದ್ದರು. ಆನೆಯನ್ನು ಯಾರೂ ಕೇಳಲಿಲ್ಲವಂತೆ. ಹೀಗೆ ಬೆಳೆದವನಾದ್ದರಿಂದ, ಬಂದ ತಿಂಗಳೊಳಗೆ ಎದುರು ಕಾಲೇಜನ್ನು ಮನಸಾರೆ ದ್ವೇಷಿಸತೊಡಗಿದೆ. ಆಲೂಗಡ್ಡೆಗೆ ಹೊಂದಿಕೊಳ್ಳಲು ಇನ್ನೂ ಸ್ವಲ್ಪ ಸಮಯ ಹಿಡಿಯಿತು.

ಮೆಲ್ಬರ್ನಿನ ಫುಟ್‌ಬಾಲ್ ನಮ್ಮ ಫುಟ್‌ಬಾಲ್ ಅಲ್ಲ. ಚೆಂಡು ಮೊಟ್ಟೆಯ ಹಾಗೆ, ಮೈದಾನವೂ ಮೊಟ್ಟೆಯ ಹಾಗೆ. ಎರಡೂ ತುದಿಗೆ ನಾಲ್ಕು ನಾಲ್ಕು ಕಂಬ. ನಡುವಿನ ಎತ್ತರದ ಎರಡು ಕಂಬಗಳ ಮಧ್ಯೆ ಒದ್ದರೆ ಗೋಲ್, ಆರು ಪಾಯಿಂಟ್. ಗುರಿ ತಪ್ಪಿ ಪಕ್ಕದ ಸಂದಿಯಲ್ಲಿ ಹೋದರೆ, ಅಥವಾ ಎತ್ತರದ ಕಂಬಕ್ಕೆ ತಾಗಿದರೆ, ಒಂದು ಪಾಯಿಂಟ್. ತಪ್ಪು ಮಾಡಿದವನಿಗೂ ಅಂಕ ಕೊಡುವ ಉದಾರತೆಯನ್ನು ಎಸ್‌ಎಸ್‌ಎಲ್‌ಸಿ ಗಣಿತ ಬಿಟ್ಟರೆ ನಾನು ಇಲ್ಲೇ ನೋಡಿದ್ದು. ಕಂಬದ ಕೆಳಗೆ ಬಿಳಿ ಕೋಟಿನ ಅಂಪೈರ್ ಒಬ್ಬ ನಿಂತಿರುತ್ತಾನೆ. ಗೋಲ್ ಆದರೆ ಎರಡು ಬಾವುಟ ಬೀಸಬೇಕು, ಇಲ್ಲದಿದ್ದರೆ ಒಂದು. ಕಾಲೇಜು ಪಂದ್ಯಗಳಲ್ಲಿ ಒಂದೊಂದು ತುದಿಗೆ ಒಂದೊಂದು ಕಾಲೇಜಿನವರು ಈ ಅಂಪೈರನ್ನು ಕಳಿಸಬೇಕು. ನಮ್ಮ ಕಡೆಯಿಂದ ನನ್ನನ್ನು ಕಳಿಸುತ್ತಿದ್ದರು. ಕನ್ನಡಕ ಇದ್ದವನು ನಾನೊಬ್ಬನೇ, ಆದ್ದರಿಂದ ಚೆನ್ನಾಗಿ ಕಾಣಿಸುತ್ತದೆ ಎಂಬುದು ಅವರ ತರ್ಕ.

ಓದು ಮುಗಿದು ಸಿಡ್ನಿಗೆ ಹೋದೆ. ಪ್ಯಾರಮಟ್ಟಾದಲ್ಲಿ ಆಫೀಸು, ವೆಸ್ಟ್‌ಮೀಡ್ ಸ್ಟೇಷನ್ ಹತ್ತಿರ ಬಾಡಿಗೆ ಫ್ಲ್ಯಾಟು, ಜೊತೆಗೆ ಉಡುಪಿ ಕಡೆಯ ಡಾಕ್ಟರ್ ಶೆಟ್ಟಿ. ಸಿಡ್ನಿಯಲ್ಲಿ ಫುಟ್‌ಬಾಲ್ ಎಂದರೆ ಬೇರೆಯದೇ ಆಟ, ರಗ್ಬಿ. ಮೆಲ್ಬರ್ನಿನವರದ್ದು ಕುಣಿತ ಎಂದು ಇವರು, ಇವರದ್ದು ದನಗಳ ನೂಕುನುಗ್ಗಲು ಎಂದು ಅವರು. ನಾನು ಎರಡೂ ಊರಲ್ಲಿ ತಲೆಯಾಡಿಸಿಕೊಂಡಿದ್ದೆ.

ಆಗ ಮೈಸೂರಿನಿಂದ ಅಮ್ಮನ ಫೋನು. ಮೆಲ್ಬರ್ನಿನಲ್ಲಿ ಪಾರ್ಥಸಾರಥಿ ಅಂತ ಎಂಜಿನಿಯರ್ ಇದ್ದಾರೆ, ಒಬ್ಬಳೇ ಮಗಳು ಮಾಲತಿ, ಜಾತಕ ಕೂಡಿದೆ, ನಕ್ಷತ್ರ ಕೂಡಿದೆ, ಹೋಗಿ ನೋಡಿಕೊಂಡು ಬಾ. ನೀಟಾಗಿ ಹೋಗು ಎಂದು ಎರಡು ಸಲ ಹೇಳಿದರು. ನನ್ನ ಹತ್ತಿರ ಇದ್ದ ಒಳ್ಳೆಯ ಟೈ ಒಂದೇ, ಕಾಲೇಜಿನದು, ಕೆಂಪು ಹಳದಿ ಪಟ್ಟೆಯದು. ಕಟ್ಟಿಕೊಂಡು ಹೋದೆ. ಮೈಸೂರಿನಲ್ಲಿ ಟೈ ಎಂದರೆ ಟೈ. ನಾವು ಅಷ್ಟಕ್ಕೇ ನಿಲ್ಲಿಸಿಬಿಡುತ್ತೇವೆ.

ಬಾಗಿಲು ತೆಗೆದ ಪಾರ್ಥಸಾರಥಿ ಅಂಕಲ್ ನನ್ನ ಮುಖ ನೋಡಲಿಲ್ಲ.

"ಈ ಟೈ ಎಲ್ಲಿಂದು?"

"ನಮ್ಮ ಕಾಲೇಜಿಂದು ಅಂಕಲ್."

ಅಂಕಲ್ ಒಳಗೆ ತಿರುಗಿ, "ಕೇಳಿದ್ಯೇನೇ? ಇದನ್ನ ಯಾರೂ ಹೇಳ್ಲೇ ಇಲ್ಲ ನಮಗೆ," ಎಂದರು.

ಆಂಟಿ ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡೇ ಬಂದರು. "ಗೋತ್ರ ಕೇಳಿದ್ವಿ, ನಕ್ಷತ್ರ ಕೇಳಿದ್ವಿ. ಟೈ ಕೇಳ್ಬೇಕು ಅಂತ ಯಾವ ಪಂಚಾಂಗದಲ್ಲಿದೆ?"

ಅಂಕಲ್ ಅರವತ್ತರ ದಶಕದಲ್ಲಿ ಸ್ಕಾಲರ್‌ಶಿಪ್ ಮೇಲೆ ಬಂದು ಎದುರು ಕಾಲೇಜಿನಲ್ಲಿ ಇದ್ದವರು ಎಂದು ಆಗ ತಿಳಿಯಿತು. ಅಂದಿನಿಂದ ಒಂದು ಪಂದ್ಯವನ್ನೂ ಅವರು ತಪ್ಪಿಸಿರಲಿಲ್ಲ. ಆಂಟಿಯ ಹೆರಿಗೆಯ ದಿನವೂ ತಪ್ಪಿಸಲಿಲ್ಲ ಎಂಬುದನ್ನು ಆಂಟಿ ಸೇರಿಸಿದರು.

"ನೀವು ಯಾವ ಪೊಸಿಷನ್ ಆಡ್ತಿದ್ರಿ ಅಂಕಲ್?" ಎಂದು ವಿನಯದಿಂದ ಕೇಳಿದೆ.

ಉತ್ತರ ಕೊಟ್ಟವಳು ಮಾಲತಿ. "ಹಿ ಕ್ಯಾರೀಡ್ ದಿ ಆರೆಂಜಸ್."

"ಬ್ರೇಕಲ್ಲಿ ಪ್ಲೇಯರ್ಸ್‌ಗೆ ಆರೆಂಜ್ ಕೊಡ್ದೇ ಲಾಸ್ಟ್ ಕ್ವಾರ್ಟರ್ ಆಡಕ್ಕಾಗತ್ತಾ?" ಎಂದರು ಅಂಕಲ್. "ಆ ಕಾಲೇಜಿನವರು ನಮ್ಮ ಗಂಟೆ ಕದ್ದವರು. ಅವರ ಮನೆಗೆ ಹೆಣ್ಣು ಕೊಡೋದಾ?"

"ಡ್ಯಾಡ್, ಇಟ್ಸ್ ಅ ಟೈ. ಬಿಚ್ಚಿದ್ರೆ ಬರತ್ತೆ."

ನನಗೆ ಈ ಹುಡುಗಿಯೇ ಬೇಕು ಅನ್ನಿಸಿದ್ದು ಆಗಲೇ. ಟೈ ಬಿಚ್ಚಿ ಜೇಬಿನಲ್ಲಿಟ್ಟುಕೊಂಡೆ. ಅಂಕಲ್ ಸ್ವಲ್ಪ ಇಳಿದರು. "ನಾಳೆ ಮ್ಯಾಚ್ ಇದೆ. ನಮ್ಮ ಕಡೆ ಬಂದು ನಿಂತ್ಕೋತೀರಾ?" ಎಂದರು. ನಿಂತುಕೊಳ್ಳುತ್ತೇನೆ ಎಂದೆ. ತಮ್ಮದೇ ನೀಲಿ ಬಿಳಿ ಮಫ್ಲರ್ ಕೊಟ್ಟರು. ಪಕ್ಷಾಂತರಕ್ಕೆ ನಾನು ತೆಗೆದುಕೊಂಡ ಸಮಯ ನೋಡಿದ್ದರೆ ನಮ್ಮ ಎಂಎಲ್‌ಎಗಳೂ ನಾಚಿಕೊಳ್ಳುತ್ತಿದ್ದರು.

ಮಾರನೆಯ ದಿನ ಚಳಿ, ಕೆಸರು. ವೈರಿಗಳ ಮಫ್ಲರ್ ಸುತ್ತಿಕೊಂಡು, ಭಾವೀ ಮಾವನ ಪಕ್ಕ ನಿಂತಿದ್ದೇನೆ. ನಮ್ಮ ಹಳೆಯ ಟೀಮಿನ ಮ್ಯಾನೇಜರ್ ಕೆವಿನ್ ನನ್ನನ್ನು ಕಂಡು ಓಡಿಬಂದ. ನಮ್ಮ ಕಾಲೇಜಿನ ಗೋಲ್ ಅಂಪೈರ್ ಜ್ವರ ಎಂದು ಮಲಗಿದ್ದನಂತೆ. "ಮೈಸೂರ್! ಯೂ ಬ್ಯೂಟಿ!" ಎಂದವನೇ ಬಿಳಿ ಕೋಟು ನನ್ನ ಮೈಮೇಲೆ ಹಾಕಿಬಿಟ್ಟ. ಮಫ್ಲರ್ ಕೋಟಿನೊಳಗೆ ಮುಚ್ಚಿಹೋಯಿತು.

ನಾನು ಅಂಕಲ್ ಮುಖ ನೋಡಿದೆ. ಅವರು ಕನ್ನಡದಲ್ಲಿ ಮೆಲ್ಲಗೆ, "ಹೋಗಿ ಹೋಗಿ. ನಮ್ಮ ಕಡೆಯವರೇ ಅಂಪೈರ್ ಆದ್ರೆ ಒಳ್ಳೇದೇ ಅಲ್ವಾ?" ಎಂದರು. ಹಾಗೆ ಹೇಳಿ, ನನ್ನ ಕಂಬದ ಹಿಂದಿನ ಬೇಲಿಗೇ ಬಂದು ಒರಗಿಕೊಂಡರು.

ಇನ್ನು ಏನಾಗುತ್ತದೆ ಎಂದು ನೀವು ಊಹಿಸಿರುತ್ತೀರಿ. ನಾನೂ ಊಹಿಸಿದ್ದೆ, ಅದಕ್ಕೇ ಆಟವಿಡೀ ದೇವರಲ್ಲಿ ಬೇಡಿಕೊಳ್ಳುತ್ತಿದ್ದೆ, ಯಾವ ಕಡೆಯವರಾದರೂ ಸರಿ, ದೊಡ್ಡ ಅಂತರದಲ್ಲಿ ಗೆಲ್ಲಲಿ ಎಂದು. ಕೊನೆಯ ನಿಮಿಷಕ್ಕೆ ಅಂಕಲ್ ಕಾಲೇಜು ಐದು ಪಾಯಿಂಟ್ ಹಿಂದೆ. ಚೆಂಡು ಅವರ ಆಟಗಾರನೊಬ್ಬನ ಕೈಯಲ್ಲಿ. ಒದ್ದ. ನನ್ನ ತಲೆಯ ಮೇಲಿನಿಂದ ಹಾದು, ಎತ್ತರದ ಕಂಬವನ್ನು ಸವರಿಕೊಂಡು ಒಳಗೆ ಹೋಯಿತು. ಬಾಗಿಲು ತಟ್ಟಲು ಸಂಕೋಚಪಡುವ ನೆಂಟರು ಬೆರಳಲ್ಲಿ ಮುಟ್ಟಿದಷ್ಟು ಸಣ್ಣ ಸದ್ದು. ಮೈದಾನದಲ್ಲಿ ಬೇರೆ ಯಾರಿಗೂ ಕೇಳಿಸಿರಲಾರದು.

"ಗೋಲ್! ಗೋಲ್ ರೀ! ಏನ್ ನೋಡ್ತಿದ್ದೀರಿ, ಎರಡೂ ಎತ್ರೀ!" ಎಂದು ಹಿಂದಿನಿಂದ ಅಂಕಲ್ ಕನ್ನಡದಲ್ಲಿ ಕೂಗಿದರು.

ಮದುವೆ ಎರಡು ಬಾವುಟದ ದೂರದಲ್ಲಿತ್ತು. ನಾನು ಸತ್ಯವಂತನೇನಲ್ಲ, ಟ್ಯಾಕ್ಸ್ ಕಟ್ಟುವಾಗ ನನಗೂ ಒಂದಿಷ್ಟು ಆದಾಯ ಮರೆತುಹೋಗುತ್ತದೆ. ಆದರೆ ಆ ಕೋಟು ಹಾಕಿಕೊಂಡು ಅಷ್ಟು ವರ್ಷ ಮಾಡಿದ ಕೆಲಸ, ಕೈ ನನ್ನನ್ನು ಕೇಳಲಿಲ್ಲ. ಕಂಬವನ್ನು ತಟ್ಟಿ ತೋರಿಸಿದೆ. ಒಂದು ಬೆರಳು. ಒಂದು ಬಾವುಟ. ಆಟ ಮುಗಿದ ಸೈರನ್ ಆಯಿತು. ಕೆವಿನ್ ಬಂದು ನನ್ನನ್ನು ಎತ್ತಿಕೊಂಡ. ಕೋಟು ಬಿಚ್ಚಿಕೊಂಡು ನೀಲಿ ಬಿಳಿ ಮಫ್ಲರ್ ಈಚೆ ಬಂತು, ಕೆಳಗಿಳಿಸಿದ.

ಅಂಕಲ್ ಸುತ್ತಲಿದ್ದವರಿಗೆಲ್ಲ ಚೆಂಡು ತಾಗಲೇ ಇಲ್ಲ ಎಂದು ಹೇಳುತ್ತಾ ಹೇಳುತ್ತಾ ಕಾರಿನ ಕಡೆ ನಡೆದರು. ನನ್ನನ್ನು ಸ್ಟೇಷನ್‌ಗೆ ಬಿಟ್ಟವಳು ಮಾಲತಿ.

"ಕ್ರಿಸ್‌ಮಸ್‌ವರೆಗೂ ನಿಮ್ಮ ಹತ್ರ ಮಾತಾಡಲ್ಲ ಅವರು," ಎಂದಳು.

"ನೀವು?"

"ನಾನ್ಯಾಕೆ ಬಿಡ್ಲಿ? ನಾನು ಮನೇಲಿದ್ದು ಓದ್ದೋಳು. ಐ ಹ್ಯಾವ್ ನೋ ಗಂಟೆ."

ಆದರೂ ಅಪ್ಪ ಒಪ್ಪದಿದ್ದರೆ ಮುಂದುವರಿಯುವುದಿಲ್ಲ ಎಂದೂ ಹೇಳಿದಳು. ವೆಸ್ಟ್‌ಮೀಡಿಗೆ ಬಂದ ಮೇಲೆ ಶೆಟ್ಟಿಗೆ ಎಲ್ಲ ಹೇಳಿದೆ. "ಮಾರಾಯ, ಎರಡು ಬಾವುಟ ಎತ್ತಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಎಂದ ಅವನು.

ವಾರದ ಮಧ್ಯೆ ಫೋನು. ಶೆಟ್ಟಿ ರಿಸೀವರ್ ಮುಚ್ಚಿಕೊಂಡು, "ಮೆಲ್ಬರ್ನ್. ಗಂಡಸು," ಎಂದ.

"ಏನಯ್ಯಾ," ಎಂದರು ಅಂಕಲ್. ಅವರ ಬಾಯಲ್ಲಿ ನನಗೆ ಮೊದಲ ಸಲ ಏಕವಚನ. "ಕಂಬಕ್ಕೆ ತಾಗಿತ್ತಾ?"

"ತಾಗಿತ್ತು ಅಂಕಲ್. ಸದ್ದು ಕೇಳಿಸ್ತು."

ಆ ಕಡೆ ಅಂಕಲ್ ಕುರ್ಚಿ ಎಳೆದುಕೊಂಡು ಕೂತರು. ಎಸ್‌ಟಿಡಿ ದರ ನೆನಪಾಗುವಷ್ಟು ನಿಧಾನವಾಗಿ.

"ನಂಗೂ ಕೇಳಿಸ್ತು," ಎಂದರು.

"ಮತ್ತೆ ಯಾಕೆ ಅಂಕಲ್ ಹಂಗೆ ಕೂಗಿದ್ರಿ?"

"ಕೂಗ್ದೇ ಇರಕ್ಕಾಗತ್ತೇನೋ? ನಾನು ಆ ಕಡೆಯವನು." ಆಮೇಲೆ ದನಿ ತಗ್ಗಿಸಿ, "ಇದು ನಮ್ಮಿಬ್ರಲ್ಲೇ ಇರ್ಲಿ. ತಾಳು, ಆಂಟಿ ಮಾತಾಡ್ತಾಳಂತೆ, ಮುಹೂರ್ತದ ವಿಷಯ," ಎಂದರು.

ವೈರ ಎಂದರೆ ಏನೆಂದು ನನಗೆ ಅರ್ಥವಾದದ್ದು ಆ ಫೋನಿನಲ್ಲಿ. ಸದ್ದು ಎರಡೂ ಕಡೆಯವರಿಗೆ ಕೇಳಿಸಿರುತ್ತದೆ. ಕೂಗುವುದು ಬೇರೆ ಇಲಾಖೆ.

ಈಗಲೂ ಮನೆಗೆ ಯಾರು ಬಂದರೂ ಮಾವ ನನ್ನನ್ನು ಪರಿಚಯಿಸುವುದು, "ಇವರೇ ನಮ್ಮ ಗೋಲ್ ನುಂಗಿದ ಅಳಿಯಂದಿರು," ಎಂದೇ. ನಾನು ತಾಗಿತ್ತು ಎನ್ನುತ್ತೇನೆ, ಅವರು ತಾಗಿರಲಿಲ್ಲ ಎನ್ನುತ್ತಾರೆ. ಹತ್ತು ನಿಮಿಷ ಜೋರಾಗಿ ನಡೆಯುತ್ತದೆ. ಹೊಸಬರಿಗೆ ಗಾಬರಿ. ನಮ್ಮನ್ನು ಸಮಾಧಾನ ಮಾಡಲೆಂದು ಅವರು, "ನಿಜವಾಗ್ಲೂ ಏನಾಯ್ತು ಹೇಳಿ," ಎಂದು ಕೇಳುತ್ತಾರೆ. ಆಗ ಮಾವ ಮತ್ತು ನಾನು ಇಬ್ಬರೂ ಒಟ್ಟಿಗೇ, "ಕಾಫಿ ತಗೊಳ್ಳಿ, ಆರೋಗತ್ತೆ," ಎನ್ನುತ್ತೇವೆ.