ಎಡಗೈ ತಕರಾರು

ವಿಜಯನಗರದ ನಮ್ಮ ಮನೆಯ ತಾರಸಿ ಮೇಲೆ ನೀರಿನ ಟ್ಯಾಂಕು ತೊಳೆಯಲು ಹತ್ತಿದವನು ಮೆಟ್ಟಿಲಿನ ಸಹಾಯವಿಲ್ಲದೆ ಕೆಳಗಿಳಿದೆ. ಅಂದಿನಿಂದ ಕತ್ತಿನ ಕೆಳಗಿನ ಪ್ರಾಂತ್ಯಗಳು ನನ್ನ ಆಳ್ವಿಕೆಯಲ್ಲಿ ಉಳಿಯಲಿಲ್ಲ. ಕ್ರಿಯಾಪದಗಳೂ ಬದಲಾದವು: ತಿನ್ನುತ್ತಿದ್ದವನು ತಿನ್ನಿಸಿಕೊಳ್ಳುವವನಾದೆ, ಹೊರಳುತ್ತಿದ್ದವನು ಹೊರಳಿಸಿಕೊಳ್ಳುವವನಾದೆ. ಉಣಿಸುವವರಿಗೆ ಬಿಡುವಾದಾಗ ನನಗೆ ಹಸಿವಾಗಬೇಕಿತ್ತು. ಇದೊಂದನ್ನು ಮಾತ್ರ ನಾನು ಒಪ್ಪಲಿಲ್ಲ.

ಕಾಮಾಕ್ಷಿಪಾಳ್ಯದಲ್ಲಿ ಲೇತ್ ಇಟ್ಟಿದ್ದ ನನ್ನ ಭಾಮೈದ, ಹಳೆಯ ಕಾರುಗಳ ವೈಪರ್ ಮೋಟಾರು, ಅಲ್ಯೂಮಿನಿಯಂ ಪೈಪು ಸೇರಿಸಿ ಒಂದು ತೋಳು ಮಾಡಿ ತಂದ. ತುದಿಗೆ ನಮ್ಮನೆಯದೇ ಚಮಚ. ಗದ್ದದ ಕೆಳಗಿನ ಸ್ವಿಚ್ಚು ಒತ್ತಿದರೆ ಬಟ್ಟಲಿಗಿಳಿದು, ತುಂಬಿಕೊಂಡು, ನರಳುತ್ತಾ ಬಾಯಿಗೆ ಬರುವುದು.

"ರೋಬೋಟು, ಭಾವ!" ಎಂದ.

ಅದನ್ನು ಮಂಚದ ಎಡಕ್ಕೆ ಬಿಗಿದ. ಬಲಕ್ಕೆ ಗೋಡೆ. ಕೋಣೆ ಎಷ್ಟು ವಿಶಾಲವೆಂದರೆ, ಮಂಚವನ್ನು ಗೇಣು ಸರಿಸಿದರೂ ಬಾಗಿಲು ತೆರೆಯದು.

ದಿನವೂ ನನಗೆ ತುತ್ತಿಡುತ್ತಿದ್ದ ದೊಡ್ಡಮ್ಮ ಬಾಗಿಲಲ್ಲೇ ನಿಂತರು. "ಎಡಗೈಲಿ ಊಟಾನಾ? ನಮ್ಮ ವಂಶದಲ್ಲೇ ಇಲ್ಲ ಕಣೋ!"

"ಯಂತ್ರಕ್ಕೆ ಎಡ ಬಲ ಇಲ್ಲ, ದೊಡ್ಡಮ್ಮ," ಎಂದೆ.

"ನಿನಗಿದೆಯಲ್ಲ!"

ವಾದ ಬಲವಾಗಿತ್ತು. ಮಂಚದ ಮೇಲೆ ನನ್ನನ್ನೇ ತಿರುಗಿಸಿ, ತಲೆಯಿದ್ದಲ್ಲಿ ಕಾಲಿಟ್ಟರೆ ತೋಳು ಬಲಕ್ಕೆ ಬರುತ್ತದೆ ಎಂದಳು ನನ್ನ ಹೆಂಡತಿ. ದೊಡ್ಡಮ್ಮ ಕಿಟಕಿಯಾಚೆ ಸೂರ್ಯನನ್ನು ನೋಡಿ ದಿಕ್ಕು ಲೆಕ್ಕ ಹಾಕಿದರು. ಮುಖ ಅರಳಿತು.

"ಆಗಲ್ಲ. ತಲೆ ಉತ್ತರಕ್ಕಾಗತ್ತೆ. ಹಾಗೆ ಮಲಗಿದ್ದ ಆನೆ ಗತಿ ಏನಾಯ್ತು, ಗೊತ್ತಲ್ಲ?"

ಒಂದು ಶಾಸ್ತ್ರ ಎಡಕ್ಕೆ ಕಾವಲು, ಇನ್ನೊಂದು ಉತ್ತರಕ್ಕೆ. ನಡುವೆ ದೊಡ್ಡಮ್ಮ ಆಗಲೇ ಮೊಸರನ್ನ ಕಲಸಲು ಬಳೆ ಹಿಂದಕ್ಕೆ ಸರಿಸುತ್ತಿದ್ದರು.

"ಆ ಆನೆ ತಲೆಗೆ ವರ್ಷಾವರ್ಷ ಕಡುಬು ಸಿಗ್ತಿದೆಯಲ್ಲ, ದೊಡ್ಡಮ್ಮ. ತಿರುಗಿಸ್ರೋ ನನ್ನ!"

"ರೀ, ಸುಮ್ನಿರಿ," ಎಂದಳು ಹೆಂಡತಿ.

"ಸುಮ್ನೇ ಬಿದ್ದಿದೀನಲ್ಲ, ಇನ್ನೆಷ್ಟು ಸುಮ್ನಿರ್ಲಿ? ತಿರುಗಿಸಿ."

ತಿರುಗಿಸಿದರು. ತೋಳನ್ನು ಈ ತುದಿಯಿಂದ ಬಿಚ್ಚಿ ಆ ತುದಿಗೆ ಬಿಗಿದಾಯಿತು. ಉತ್ತರಕ್ಕೆ ತಲೆಯಿಟ್ಟು ಗದ್ದ ಒತ್ತಿದೆ. ಮೊದಲ ತುತ್ತು ಕಿವಿಗೆ ಹೋಯಿತು. ಎರಡನೆಯದು ಮೂಗಿಗೆ. ಹೆಂಡತಿ ಬಟ್ಟೆ ಹಿಡಿದು ಎದ್ದಳು.

"ಕೂತ್ಕೋ. ಒರೆಸೋದು ಆಮೇಲೆ."

ಭಾಮೈದ ಏನೋ ಬಿಗಿದ, ಏನೋ ಸಡಿಲಿಸಿದ. ನಾನು ಮತ್ತೆ ಒತ್ತಿದೆ. ಈ ಸಲ ಚಮಚ ಬಾಯಿ ಹುಡುಕಿಕೊಂಡು ಬಂತು. ಮೊಸರನ್ನಕ್ಕೆ ಉಪ್ಪು ಕಡಿಮೆಯಾಗಿತ್ತು. ಆದರೂ ಇನ್ನೊಂದು ತುತ್ತು ತೆಗೆದುಕೊಂಡೆ, ನನಗೆ ಬೇಕೆನಿಸಿದಾಗ.

ದೊಡ್ಡಮ್ಮ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಕೊನೆಗೆ ಭಾಮೈದನಿಗೆ ಹೇಳಿದರು: "ಮೆಲ್ಲಗೆ ತಿನ್ನಿಸು ಅಂತ ಹೇಳಪ್ಪಾ ಅದಕ್ಕೆ."

ಬಾಯಿ ತುಂಬಿತ್ತು. ನುಂಗಿ ಹೇಳಿದೆ:

"ಅದು ತಿನ್ನಿಸ್ತಾ ಇಲ್ಲ, ದೊಡ್ಡಮ್ಮ. ನಾನು ತಿಂತಾ ಇದೀನಿ."