ಗುರುವಿಗೆ ಸಂಸಾರ, ಮರಿಗಳಿಗೆ ಬ್ರಹ್ಮಚರ್ಯ

ನಮ್ಮ ಹಾಸ್ಟೆಲಿನ ಮೇಲ್ವಿಚಾರಕರ ಮದುವೆ ನಿಂತದ್ದು ಜಾತಕದಿಂದಲ್ಲ, ಕಾಲೇಜಿನ ಒಂದು ನಿಯಮದಿಂದ. ಧಾರವಾಡದ ನಮ್ಮ ಕಾಲೇಜಿನಲ್ಲಿ ಆ ಹುದ್ದೆಯವರು ಹುಡುಗರ ನಡುವಿನ ಎರಡು ಕೋಣೆಗಳಲ್ಲೇ ಇರಬೇಕು, ಅವಿವಾಹಿತರಾಗಿಯೇ ಇರಬೇಕು. ಅವರು ನಮಗೆ ಇತಿಹಾಸ ಕಲಿಸುತ್ತಿದ್ದರು. ಮೇಲ್ವಿಚಾರಣೆ ಬಿಟ್ಟರೆ ಆ ನೌಕರಿಯೂ ಹೋಗುತ್ತಿತ್ತು. ಹುಬ್ಬಳ್ಳಿಯ ಹತ್ತಿ ವ್ಯಾಪಾರಿಯೊಬ್ಬರ ಮಗಳೊಡನೆ ನಿಶ್ಚಯವಾಗಿ ಎರಡು ವರ್ಷ ಏಳು ತಿಂಗಳಾಗಿತ್ತು. ಇದೆಲ್ಲ ನನಗೆ ಗೊತ್ತಿದ್ದುದು ಟಪಾಲು ಹಂಚುವ ಕೆಲಸ ನನ್ನದಾಗಿದ್ದರಿಂದ. ಹುಡುಗಿಯ ತಂದೆ ಬರೆಯುತ್ತಿದ್ದುದು ಕಾರ್ಡು, ಮತ್ತು ಕಾರ್ಡನ್ನು ಓದದೆ ಹಂಚುವುದು ನನ್ನಿಂದಾಗುತ್ತಿರಲಿಲ್ಲ. ಸೆಪ್ಟೆಂಬರ್ ಎರಡರಂದು ಬಂದದ್ದು ಮೂವತ್ತೊಂದನೆಯದು: ದೀಪಾವಳಿಯೊಳಗೆ ಮನೆ ಗೊತ್ತುಮಾಡದಿದ್ದರೆ ಬೆಳಗಾವಿಯ ವಕೀಲರಿಗೆ ಹುಡುಗಿಯನ್ನು ತೋರಿಸುತ್ತೇವೆ.

ಮದುವೆಯ ಮಾತೆತ್ತಲೆಂದು ಮೇಲ್ವಿಚಾರಕರು ಪ್ರಿನ್ಸಿಪಾಲರ ಕಚೇರಿಯ ಬಾಗಿಲಿಗೆ ಒಂಬತ್ತು ಸಲ ಹೋಗಿ, ಒಂಬತ್ತು ಸಲವೂ ಸೀಮೆಸುಣ್ಣ ಕೇಳಿಕೊಂಡು ಮರಳಿದ್ದರು.

ಆ ತಿಂಗಳು ಇತಿಹಾಸ ಸಂಘದಲ್ಲಿ ಪ್ರಬಂಧ ಓದುವ ಸರದಿ ನನಗೆ ಬಂತು. ವಿಷಯ ಕೊಟ್ಟವರು ಮೇಲ್ವಿಚಾರಕರೇ: ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಒಬ್ಬ ಕಾಲೇಜು ಮುಖ್ಯಸ್ಥನ ಬದುಕು. ಗ್ರಂಥಾಲಯದ ದಪ್ಪ ಪುಸ್ತಕ ಓದಿ ಲೆಕ್ಕ ತೆಗೆದೆ. ಆ ಮಹಾಶಯ ಸಾಯುವ ತನಕ ಕುರ್ಚಿ ಬಿಡಲಿಲ್ಲ. ಪಾಠ ಮಾಡಿದ ಉಲ್ಲೇಖ ಎರಡು, ಊಟ ಮಾಡಿದ ಉಲ್ಲೇಖ ನಲವತ್ತಾರು. ಅಧ್ಯಾಪಕರೊಡನೆ ಜಗಳ, ವೈನಿನ ಕೋಣೆಯ ಬೀಗದ ಕೈಗಾಗಿ ಆದದ್ದೂ ಸೇರಿ, ಹದಿನೇಳು.

ಸೆಪ್ಟೆಂಬರ್ ಹದಿನಾಲ್ಕು, ಶನಿವಾರ. ಪ್ರಿನ್ಸಿಪಾಲರು ಅಧ್ಯಕ್ಷರು, ಅವರ ಪತ್ನಿ ಮುಂದಿನ ಸಾಲಿನಲ್ಲಿ. ನಾಲ್ಕನೆಯ ಪುಟಕ್ಕೆ ಹನ್ನೊಂದು ಜನ ತೂಕಡಿಸುತ್ತಿದ್ದರು. ಅವರನ್ನು ಎಬ್ಬಿಸಲೆಂದು ಕಾಗದ ಬದಿಗಿಟ್ಟು ಹೇಳಿದೆ:

"ಇದನ್ನ ಒಂದು ಮಠ ಅಂತ ತಿಳೀರಿ. ಮುಖ್ಯಸ್ಥ ದೊಡ್ಡ ಸ್ವಾಮಿ, ಅಧ್ಯಾಪಕರು ಮರಿಸ್ವಾಮಿಗಳು. ಫರಕು ಒಂದ. ಅಲ್ಲಿ ದೊಡ್ಡ ಸ್ವಾಮಿಗೆ ಹೆಂಡ್ತಿ ಇರಬಹುದು, ಮರಿಗಳಿಗಷ್ಟ ಬ್ರಹ್ಮಚರ್ಯ. ಮರಿ ಲಗ್ನ ಆದ್ರ ಗಂಟುಮೂಟಿ ಕಟ್ಟಿ ಹೊರಗ ಬೀಳಬೇಕು."

ಉಪ್ಪಿನಬೆಟಗೇರಿಯ ಸಹಪಾಠಿಯೊಬ್ಬ ಎದ್ದು ನಿಂತ. "ಮತ್ತ ಆ ಮರಿಗಳು ಸುಮ್ನ ಕಾಯಕೋತ ಕೂಡತಿದ್ವೇನು?"

"ಹೌದು. ಎಲ್ಲೋ ಹಳ್ಳ್ಯಾಗ ಒಬ್ಬ ಪಾದ್ರಿ ಸತ್ತು ಆ ಜಾಗಾ ಇವ್ರಿಗೆ ಸಿಗೂತನಕ. ಪಾದ್ರಿ ಆದ್ರ ಲಗ್ನಕ್ಕ ಅಡ್ಡಿ ಇರಲಿಲ್ಲ. ಕೆಲವರಿಗೆ ತಲಿ ಬೆಳ್ಳಗಾದ ಮ್ಯಾಲ ಲಗ್ನ."

"ಹಂಗಾದ್ರ ನಮ್ಮ ಸರ್ ಗತಿನೂ ಅದ ಬಿಡು."

ಹಿಂದಿನ ಸಾಲುಗಳೆಲ್ಲ ನಕ್ಕವು. ಮೇಲ್ವಿಚಾರಕರು ನೆಲ ನೋಡುತ್ತಿದ್ದರು. ಈ ವಿಷಯವನ್ನೇ ನನಗೇಕೆ ಕೊಟ್ಟಿದ್ದರೆಂಬುದು ನನಗೆ ಹೊಳೆದದ್ದು ಆಗ.

"ಯಾವ ಸರ್? ಎಂಥಾ ಗತಿ?" ಎಂದರು ಪ್ರಿನ್ಸಿಪಾಲರು.

ಅವರ ಪತ್ನಿ ಮೇಲ್ವಿಚಾರಕರತ್ತ ಒಮ್ಮೆ ನೋಡಿ ನನ್ನನ್ನು ಕೇಳಿದರು: "ಎಷ್ಟ ದಿವಸದಿಂದ ಕಾಯಾಕತ್ತಾರಪಾ ಇವ್ರು?"

ಲೆಕ್ಕ ಕೇಳಿದರೆ ಮುಚ್ಚಿಡುವುದು ನನ್ನ ಸ್ವಭಾವವಲ್ಲ. ವರ್ಷ, ತಿಂಗಳು, ಕಾರ್ಡು, ವಕೀಲ, ಸೀಮೆಸುಣ್ಣ, ಎಲ್ಲ ಹೇಳಿದೆ.

"ನಿಯಮ ಅಂದ್ರ ನಿಯಮ," ಎಂದರು ಪ್ರಿನ್ಸಿಪಾಲರು.

"ಮಾಡಿದವ್ರು ನೀವ ಅಲ್ಲೇನ್ರಿ?" ಎಂದರು ಪತ್ನಿ. "ಹಾಸ್ಟೆಲ್ ಗ್ವಾಡಿಗೆ ಹತ್ತಿದ ನಮ್ಮ ಔಟ್‌ಹೌಸಿನ್ಯಾಗ ನಿಮ್ಮ ಹಳೇ ಪರೀಕ್ಷಾ ಕಾಗದ ತುಂಬ್ಯಾವ. ಅವಕ್ಕೇನ್ ಸಂಸಾರ ಹೂಡೂದೈತಿ? ಹೊರಗ ಹಾಕ್ರಿ, ಇವ್ರು ಅಲ್ಲಿರಲಿ."

ಸೋಮವಾರ ನೋಟೀಸು ಬಿತ್ತು. ಶಿಸ್ತಿನ ಹಿತದೃಷ್ಟಿಯಿಂದ ಮೇಲ್ವಿಚಾರಕರು ಔಟ್‌ಹೌಸಿನಲ್ಲಿ ವಾಸಿಸತಕ್ಕದ್ದು, ವಿವಾಹಕ್ಕೆ ಅಡ್ಡಿಯಿಲ್ಲ. ಶಿಸ್ತಿಗೂ ಇದಕ್ಕೂ ಏನು ಸಂಬಂಧವೆಂದು ಯಾರೂ ಕೇಳಲಿಲ್ಲ. ಮಾವನಾಗುವವರು ಬಂದು, ಎರಡು ಸಲ ಒಲೆ ಊದಿ ನೋಡಿ, ಹೊಗೆ ಸರಿಯಾಗಿ ಹೋಗುತ್ತದೆಂದು ಒಪ್ಪಿದರು.

ನವೆಂಬರ್ ಇಪ್ಪತ್ನಾಲ್ಕರಂದು ಹಳೇ ಹುಬ್ಬಳ್ಳಿಯಲ್ಲಿ ಮದುವೆ. ಹಾಸ್ಟೆಲಿನಿಂದ ಇಪ್ಪತ್ತೆರಡು ಮಂದಿ ಹೋಗಿದ್ದೆವು. ಮುಹೂರ್ತಕ್ಕೆ ಮುಂಚೆ ಎರಡು ಮಾತು ಹೇಳುತ್ತೇನೆಂದು ಎದ್ದ ಪ್ರಿನ್ಸಿಪಾಲರು, ತಮ್ಮ ಅಧ್ಯಾಪಕರ ಸುಖಕ್ಕಾಗಿ ತಾವು ಮೊದಲಿನಿಂದಲೂ ಪಟ್ಟ ಶ್ರಮವನ್ನು ವಿವರಿಸಿ, ತಾಳ್ಮೆಯ ಮಹಿಮೆಗೆ ಬಂದರು. ಹತ್ತೊಂಬತ್ತು ನಿಮಿಷವಾಯಿತು. ಮುಷ್ಟಿಗಳಲ್ಲಿ ಅಕ್ಷತೆ ಬೆವರಿಗೆ ಒದ್ದೆಯಾಗುತ್ತಿತ್ತು. ಮುಹೂರ್ತ ಮೀರಲು ಎರಡು ನಿಮಿಷವಿದ್ದಾಗ ಹುಡುಗಿಯ ತಂದೆ, ಮಾತು ಮುಗಿಯುವ ಮೊದಲೇ, ಕೈ ಎತ್ತಿ ಅಕ್ಷತೆ ಎಸೆದುಬಿಟ್ಟರು. ನಾವು ಇಪ್ಪತ್ತೆರಡು ಮಂದಿಯೂ ಎಸೆದೆವು. ಹೆಚ್ಚಿನದು ಪ್ರಿನ್ಸಿಪಾಲರ ತಲೆಯ ರುಮಾಲಿನ ಮೇಲೆ ಬಿತ್ತು.